ಖಾಯಂ ವಿಳಾಸ

ಅರ್ಜಿಯ ಈ ಕಾಲಮ್ಮಿಗೆ ಬಂದು ನಿಂತು ಮೂರು ದಿನವಾಯಿತು.
ಹೆಸರು ಬರೆದಾಗಿದೆ: ಸುಗಂಧಾ ವಾಸು ಹರಿಕಂತ್ರ.
ಓದು: ಬಿ.ಎಸ್ಸಿ., ಭೌತಶಾಸ್ತ್ರ. ಎತ್ತರ: ನೂರಾ ಐವತ್ತೇಳು,
ಕೋಡಿಬಾಗದ ಹೊಲಿಗೆಯವಳ ಟೇಪಿನಲ್ಲಿ ಅಳೆಸಿದ್ದು.
ಆಮೇಲೆ, ಖಾಯಂ ವಿಳಾಸ.

ಯಾವುದನ್ನು ಬರೆಯಲಿ?
ಪುನರ್ವಸತಿ ಕಾಲನಿಯ ಪ್ಲಾಟು ನಂಬರು ನನಗೆ ಬಾಯಿಪಾಠ.
ಅಜ್ಜಿ ಮಾತ್ರ ಇಂದಿಗೂ ಅದಕ್ಕೆ ಬಿಡಾರ ಅನ್ನುತ್ತಾಳೆ.
ಮನೆ ಅಂದರೆ ಅವಳಿಗೆ ಗುಡ್ಡದಾಚೆ,
ನೌಕಾಪಡೆಯ ಕಾಂಪೌಂಡಿನೊಳಗೆ, ಈಗ ಬಹುಶಃ
ಟ್ರಕ್ಕುಗಳು ನಿಲ್ಲುವ ಜಾಗದಲ್ಲಿ.
ಬಾವಿ ಇದೆಯೋ ಮುಚ್ಚಿದರೋ, ಹೇಳಬಲ್ಲವರಿಲ್ಲ.
ನಾನು ಹುಟ್ಟುವ ಮೊದಲೇ ಬಿಟ್ಟು ಬಂದ ಮನೆ;
ಕಳೆದುಕೊಳ್ಳಲು ಅಲ್ಲಿ ನನ್ನದೇನೂ ಇರಲಿಲ್ಲ.
ಆದರೂ ಬಸ್ಸು ಆ ಗೇಟಿನ ಮುಂದೆ ಹಾಯುವಾಗೆಲ್ಲ
ಅಜ್ಜಿಯ ಕುತ್ತಿಗೆ ತಿರುಗಿದ ಕಡೆಗೇ ನನ್ನದೂ ತಿರುಗುತ್ತದೆ.

ಬೆಳಗ್ಗೆ ಐದೂವರೆಗೆ ದಂಡೆಯಲ್ಲಿ ಓಟ.
ಸಾವಿರದ ಆರುನೂರು ಮೀಟರು, ಎಂಟು ನಿಮಿಷದೊಳಗೆ.
ಜನ ನೋಡಲೆಂದು ದಡಕ್ಕೆ ತಂದಿಟ್ಟ ಹಳೇ ಯುದ್ಧನೌಕೆಯಿಂದ
ಎಳೆದಿಟ್ಟ ದೋಣಿಗಳ ಸಾಲಿನವರೆಗೆ, ಮತ್ತೆ ವಾಪಸು.
ಅಪ್ಪ ಬಲೆಯ ಸಿಕ್ಕು ಬಿಡಿಸುತ್ತ ಮೊಬೈಲಿನಲ್ಲಿ ಹೊತ್ತು ನೋಡುತ್ತಾನೆ.
'ಎಂಟು ಹನ್ನೆರಡು' ಅನ್ನುತ್ತಾನೆ, ಬಂಗುಡೆಯ ದರ ಹೇಳಿದ ಹಾಗೆ.
'ಒಣ ಮರಳಲ್ಲಿ ಓಡಬೇಡ.
ನೀರು ಈಗಷ್ಟೇ ಬಿಟ್ಟು ಹೋಯ್ತಲ್ಲ, ಅಲ್ಲಿ ಓಡು.
ಅಲ್ಲಿ ನೆಲ ಗಟ್ಟಿ.'

'ನಾಲ್ಕೇ ವರ್ಷ ಕಣೇ' ಅನ್ನುತ್ತಾಳೆ ಪ್ರಣಾಲಿ,
'ಆಮೇಲೆ ನಾಲ್ವರಲ್ಲಿ ಒಬ್ಬರನ್ನು ಇಟ್ಟುಕೊಳ್ಳುವುದು.'
ಅವಳ ಲೆಕ್ಕ ಸರಿ. ನನ್ನದೂ ತಪ್ಪಲ್ಲ:
ಪದವಿ ಪತ್ರದ ಝೆರಾಕ್ಸು ಹಂಚಿದ್ದು ಹದಿನೇಳು ಕಡೆ, ಬಂದ ಕರೆ ಎರಡು.
ಒಂದು ಮೊಬೈಲು ಅಂಗಡಿಯದು.
ಇನ್ನೊಂದು ರಾಂಗ್ ನಂಬರು.

ಯಾಕೆ ಸೇರುತ್ತೀ ಅಂದರೆ ದೇಶಕ್ಕಾಗಿ ಅನ್ನುತ್ತೇನೆ, ಸುಳ್ಳೇನಲ್ಲ.
ಸಂಬಳಕ್ಕೆ ಅಂದರೂ ಸುಳ್ಳಲ್ಲ.
ಎದೆಯ ಮೇಲೆ ಹೆಸರಿನ ಪಟ್ಟಿ ಹಚ್ಚಿಕೊಂಡು
ಆ ಗೇಟಿನೊಳಗೆ ಒಮ್ಮೆ ನಡೆದು ಹೋಗಬೇಕು,
ಬಾವಿ ಇದೆಯೋ ನೋಡಿ ಬಂದು ಅಜ್ಜಿಗೆ ಹೇಳಬೇಕು
ಎಂಬುದಕ್ಕೆ ಅರ್ಜಿಯಲ್ಲಿ ಜಾಗವಿಲ್ಲ.
ವಿಶಾಖಪಟ್ಟಣಕ್ಕೆ ಹಾಕಿದರೆ ಅದೂ ಮುಗಿಯಿತು.

ನಿನ್ನೆ ರಾತ್ರಿ ಅಪ್ಪನನ್ನು ಕೇಳಿಯೇಬಿಟ್ಟೆ:
ಕೆಂಪು ಬೋಯಾ ದಾಟಿದರೆ ನಿನ್ನ ದೋಣಿಯನ್ನು
ಅಟ್ಟಿಕೊಂಡು ಬರುತ್ತದಲ್ಲ ಗಸ್ತಿನ ಬೋಟು,
ಅದರಲ್ಲಿ ಮೈಕು ಹಿಡಿದು ನಿಂತವಳು ನಾನಾದರೆ?
ಅಪ್ಪ ಸೀಗಡಿಯ ತಲೆ ಮುರಿಯುವುದನ್ನು ನಿಲ್ಲಿಸಲಿಲ್ಲ.
ಬಟ್ಟಲು ಅರ್ಧ ತುಂಬಿದ ಮೇಲೆ,
'ಹಾಗಾದ್ರೆ ನಮ್ಮ ಮಾತಲ್ಲಿ ಕೂಗು.
ಅವರದು ಹಿಂದಿ, ಗಾಳಿಗೆ ಅರ್ಧ ಹಾರಿಹೋಗ್ತದೆ.
ಹೋಗು ಅಂತಾರೋ ಬಾ ಅಂತಾರೋ
ಗೊತ್ತಾಗೂದಿಲ್ಲ.'

ಇವತ್ತು ಓಡಿ ಬಂದು ಮಂಡಿಗೆ ಕೈಯೂರಿ ನಿಂತೆ.
'ಏಳು ಐವತ್ತೊಂಬತ್ತು' ಅಂದ,
ಮೊಬೈಲನ್ನು ಆಗಲೇ ಕಿಸೆಗಿಟ್ಟು ಬಲೆಗೆ ಬಗ್ಗಿದ್ದ.
ನನ್ನ ಕೈಯಲ್ಲೂ ವಾಚಿತ್ತು.
ಎಂಟು ನಿಮಿಷ, ಎರಡು ಸೆಕೆಂಡು.