ಊದು

ಬೆಳಗಿನ ಎಂಟೂಕಾಲು. ಶೆಫೀಲ್ಡಿನ ಆಸ್ಪತ್ರೆ, ಮೂರನೇ ಮಹಡಿ.
ಹಿಂದಿನ ರಾತ್ರಿ ಬರೀ ಅನ್ನ, ಉಪ್ಪು. ಆಮೇಲೆ ನೀರು.
ನರ್ಸ್ ಡೋರೀನ್ ಸಕ್ಕರೆಪಾಕದಂಥದ್ದು ಒಂದು ಲೋಟ ಕುಡಿಸಿ
ಗಡಿಯಾರ ನೋಡಿ ಹೇಳಿದಳು:
ಇಪ್ಪತ್ತು ನಿಮಿಷಕ್ಕೊಮ್ಮೆ ಈ ಕೊಳವೆಗೆ ಊದಬೇಕು,
ಮೂರು ತಾಸು.

ಊದಿದೆ.
ಗದಗಿನ ಒಲೆಯ ಮುಂದೆ ಹಸಿ ಜಾಲಿಕಟ್ಟಿಗೆಗೆ
ಕಣ್ಣು ಕೆಂಪಾಗುವ ತನಕ ಊದಿದವಳು,
ಊದುಗೊಳವೆ ನನಗೆ ಹೊಸದೇನಲ್ಲ.
ಆಗ ಉಸಿರಿಗೆ ಬೆಂಕಿ ಬರುತ್ತಿತ್ತು.
ಈಗ ಅಂಕಿ.

ಹನ್ನೆರಡು. ಹದಿನಾಲ್ಕು. ಮತ್ತೆ ಹದಿನಾಲ್ಕು.
ಎಂಬತ್ತನೇ ನಿಮಿಷಕ್ಕೆ ಹೈಡ್ರೋಜನ್ ಐವತ್ತೊಂದು.
ನನ್ನ ವಯಸ್ಸು, ಅಂದೆ.
ಡೋರೀನ್ ನಗಲಿಲ್ಲ, ಬರೆದುಕೊಂಡಳು.

ಎರಡು ವರ್ಷದಿಂದ ಹೀಗೇ. ಬೆಳಿಗ್ಗೆ ಸಪಾಟು ಹೊಟ್ಟೆ,
ಮಧ್ಯಾಹ್ನಕ್ಕೆ ಪ್ಯಾಂಟಿನ ಗುಂಡಿ ಬಿಚ್ಚಬೇಕು,
ಸಂಜೆಗೆ ಏಳು ತಿಂಗಳು.
ಟ್ರಾಮಿನಲ್ಲಿ ಒಬ್ಬ ಹುಡುಗ ಎದ್ದು ಸೀಟು ಬಿಟ್ಟ.
ಅಲ್ಲಪ್ಪಾ, ಇದು ಬರೀ ಹೂಕೋಸು, ಅನ್ನಲಿಲ್ಲ.
ನಮಗೆ ಮಕ್ಕಳಾಗಿಲ್ಲ.
ಮೂರು ನಿಲ್ದಾಣ
ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ.

ಉಸಿರು ಹೊರಗೆ ಹೋದರೂ ಊದು,
ಒಳಗೇ ಉಳಿದರೂ ಊದು.
ನನ್ನ ಮಾತಿನಲ್ಲಿ ಎರಡಕ್ಕೂ ಒಂದೇ ಪದ ಅಂತ
ಡೋರೀನಳಿಗೆ ಹೇಗೆ ಹೇಳಲಿ?

ಡಾಕ್ಟರು ಪತ್ರದ ಬೆನ್ನಿಗೆ ಚಿತ್ರ ಬರೆದರು.
ದೊಡ್ಡ ಕರುಳಿನ ಜೀವಿಗಳು ಸಣ್ಣ ಕರುಳಿಗೆ ಹತ್ತಿ ಬಂದಿವೆ,
ಕೆಟ್ಟವಲ್ಲ, ಜಾಗ ತಪ್ಪಿವೆ ಅಷ್ಟೇ.
ಜಾಗ ತಪ್ಪಿದ್ದು!
ಬಂದ ಹೊಸದರಲ್ಲಿ ಅಂಗಡಿಯ ಸಾಲಿನಲ್ಲಿ ನಿಂತಾಗ
ಇದೇ ಮಾತು ಬೆನ್ನ ಹಿಂದಿನಿಂದ ಕೇಳಿದ್ದೆ.
ಒಂದು ಗಳಿಗೆ ಅವುಗಳ ಪರ ವಕಾಲತ್ತು ಮಾಡೋಣ ಅನ್ನಿಸಿತು.
ಅಷ್ಟರಲ್ಲಿ ಹೊಟ್ಟೆ ಗುಡುಗಿತು.

ಊಟ ಊಟದ ನಡುವೆ, ಹೊಟ್ಟೆ ಖಾಲಿಯಿದ್ದಾಗ ಮಾತ್ರ,
ಕರುಳಿಗೆ ಒಬ್ಬಳು ಕಸ ಗುಡಿಸಲು ಬರುತ್ತಾಳಂತೆ.
ನಡುವೆ ಬಾಯಾಡಿಸಿದರೆ ಪೊರಕೆ ಒರಗಿಸಿ ಹೊರಟೇಬಿಡುತ್ತಾಳೆ.
ನಾನು ಕಾರ್ಖಾನೆಯಲ್ಲಿ ಚಮಚ ಪ್ಯಾಕ್ ಮಾಡುವವಳು.
ಹತ್ತಕ್ಕೆ ಬ್ರೆಂಡಾಳ ಬಿಸ್ಕತ್ತು, ಹನ್ನೊಂದೂವರೆಗೆ ಚಹಾ,
ಮೂರಕ್ಕೆ ಯಾರದೋ ಹುಟ್ಟುಹಬ್ಬದ ಕೇಕು.
ಇಪ್ಪತ್ತಾರು ವರ್ಷ, ಪಾಪ,
ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ್ದೆ.

ಎರಡು ವಾರ ಗುಲಾಬಿ ಗುಳಿಗೆ. ಇಳಿಯಿತು.
ನಾಲ್ಕು ತಿಂಗಳು ಹಗುರ. ಮತ್ತೆ ಬಂತು.
ಬರುತ್ತದೆ, ಅಂದರು ಡಾಕ್ಟರು,
ಈ ಊರಲ್ಲಿ ಮಳೆಯ ಬಗ್ಗೆ ಹೇಳುವ ಹಾಗೆ.

ಪಥ್ಯದ ಹುಡುಗಿ ಇಮೋಜನ್ ಪಟ್ಟಿ ಹಿಡಿದು ಕೂತಳು.
ಗೋಧಿ ಬೇಡ. ಕಡಲೆ ಬೇಡ. ಈರುಳ್ಳಿ ಬೇಡ.
ಕೆಲವು ವಾರ ಮಾತ್ರ, ಆಮೇಲೆ ಒಂದೊಂದಾಗಿ ಕರೆದುಕೊಳ್ಳೋಣ.
ಬೆಳ್ಳುಳ್ಳಿ? ಕೇಳಿದೆ, ಪರೀಕ್ಷೆಯ ಫಲಿತಾಂಶ ಕೇಳುವವರಂತೆ.
ತಲೆಯಾಡಿಸಿದಳು.
ನಮ್ಮ ಕಡೆ ಕ್ಷಮಿಸುವುದಕ್ಕೆ ಹೊಟ್ಟೆಗೆ ಹಾಕಿಕೊಳ್ಳುವುದು ಅನ್ನುತ್ತಾರೆ.
ಏನೇನು ಹಾಕಿಕೊಂಡಿಲ್ಲ ನಾನು,
ಅತ್ತೆಯ ಮಾತು, ಮೇಸ್ತ್ರಿಯ ಮಾತು.
ಕಡೆಗೆ ಒಂದು ಎಸಳು ಬೆಳ್ಳುಳ್ಳಿ ತಡೆಯಲಿಲ್ಲ.

ಜೋಳ? ಅವಳಿಗೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ,
ಬೇರೆ ಯಾವುದೋ ಹೆಸರಿನಡಿ ಸಿಕ್ಕಿ,
ತಿನ್ನಬಹುದು, ಅಂದಳು.
ಎಷ್ಟು ಜೋರಾಗಿ ನಕ್ಕೆನೆಂದರೆ ಪಕ್ಕದ ಕೋಣೆಯವರು ಇಣುಕಿದರು.

ಮತ್ತೆ ಎಣ್ಣೆಯ ಉಪಾಯ ಹೇಳಿಕೊಟ್ಟವಳೂ ಅವಳೇ:
ಜಜ್ಜದೆ ಎಸಳನ್ನು ಇಡಿಯಾಗಿ ಕಾದ ಎಣ್ಣೆಗೆ ಬಿಡು,
ಹೊಂಬಣ್ಣ ಬಂದಾಗ ತೆಗೆದುಬಿಡು.
ಉಪದ್ರವ ಎಸಳಿನ ಜೊತೆ ಹೋಗುತ್ತದೆ,
ಪರಿಮಳ ಎಣ್ಣೆಯಲ್ಲಿ ಉಳಿಯುತ್ತದೆ.

ಸಂಜೆ, ಹಿಡಿ ಸೊಟ್ಟಗಿದೆಯೆಂದು ಕಾರ್ಖಾನೆ ಬಿಸಾಡಿದ ಚಮಚದಲ್ಲಿ
ಒಂದೊಂದೇ ಎಸಳು ಎತ್ತುತ್ತೇನೆ.
ಮುರಿಗೆಪ್ಪ ತಾಟು ಮುಂದೆ ಹಿಡಿಯುತ್ತಾನೆ:
ಕೊಡ ಇಲ್ಲಿ, ನನ್ನ ಹೊಟ್ಟಿ ಕಲ್ಲಿಂದು.

ರೊಟ್ಟಿ ತಿಂದು, ಪಾತ್ರೆ ತೊಳೆದು,
ಬಿಸ್ಕತ್ತಿನ ಡಬ್ಬಿಗೆ ಬೆನ್ನು ಮಾಡಿ ಮಲಗುತ್ತೇನೆ.
ಕೊನೆಯ ಟ್ರಾಮು ಇಳಿಜಾರಿನಲ್ಲಿ ಕಿರ್ರೆಂದು ಹೋಗುತ್ತದೆ.
ಹನ್ನೆರಡೂವರೆ.
ಒಳಗೆಲ್ಲೋ, ಹೊಕ್ಕುಳಿನ ಎಡಕ್ಕೆ,
ಸರ್ರ್, ಸರ್ರ್...

ಬಂದಳು.