ಏಳು ಕಿಲೋ

ವಿರಾಜಪೇಟೆ. ಜನವರಿ. ಕಾಫಿ ಕುಯ್ಲಿನ ತಿಂಗಳು,
ಹಾಜರಿ ಪುಸ್ತಕದಲ್ಲಿ ಅರ್ಧಕ್ಕರ್ಧ ಗೈರು.
ಅತಿಥಿ ಉಪನ್ಯಾಸಕ ನಾನು, ಗಂಟೆ ಲೆಕ್ಕದ ಮೇಷ್ಟ್ರು,
ಮೂರು ಬೆಂಚಿಗೆ ಹೇಳುತ್ತಿದ್ದೆ:
ಸತ್ಯವೆಂಬುದು ನಿಂತ ಜಾಗದ ಮಾತು.
ತಡಿಯಂಡಮೋಳ್ ಇಲ್ಲಿಂದ ನೀಲಿ,
ಕಕ್ಕಬ್ಬೆಯಿಂದ ಹಸಿರು,
ಹತ್ತಿದವನಿಗೆ ಬರೀ ಜಿಗಣೆ.

ನಕ್ಕರು. ಜಿಗಣೆಗೆ ಪ್ರತಿ ವರ್ಷ ನಗುತ್ತಾರೆ.
ಲಿಖಿನ್ ಪೂವಯ್ಯ ಬರೆದುಕೊಂಡ, ಕೆಳಗೆ ಗೆರೆ ಎಳೆದ:
ಅವರವರ ಸತ್ಯ ಅವರವರಿಗೆ.
ಐದು ಅಂಕ. ಗ್ಯಾರಂಟಿ ಬರುವ ಪ್ರಶ್ನೆ.

ಕೊನೆಯ ಬೆಂಚಿನಲ್ಲಿ ಎದ್ದಳು ಜಾನು, ಪಣಿಎರವರ ಹುಡುಗಿ,
ಎರಡು ವಾರದ ಮೇಲೆ ಬಂದವಳು,
ಉಗುರ ಸಂದಿಯಲ್ಲಿನ್ನೂ ಹಣ್ಣಿನ ಅಂಟು.
ಕೂತೇ ಕೇಳಮ್ಮ ಎಂದೆ. ನಿಂತೇ ಕೇಳಿದಳು:

“ಸೋಮವಾರ ಇಲ್ಲೇ, ಆರೋಗ್ಯ ಶಿಬಿರದಲ್ಲಿ,
ನರ್ಸಮ್ಮ ಬರೆದ ನನ್ನ ತೂಕ ನಲವತ್ತಾರು.
ಮಂಗಳವಾರ ರೈಟರು ಚಾ ಕುಡಿಯಲು ಹೋದಾಗ
ತೋಟದ ತಕ್ಕಡಿ ಹತ್ತಿ ನಿಂತೆ.
ಮೂವತ್ತೊಂಬತ್ತು.
ಒಂದು ರಾತ್ರಿಯಲ್ಲಿ ಏಳು ಕಿಲೋ
ಎಲ್ಲಿ ಹೋದೆ ಸರ್ ನಾನು?

ಅವ್ವ ಚೀಲ ತೋರಿಸಿ ಜಗಳ ತೆಗೆದರೆ
ರೈಟರು ಸಿಟ್ಟಾಗಲಿಲ್ಲ. ಮೆಲ್ಲಗೇ ಅಂದರು:
ನಿನ್ನ ಲೆಕ್ಕ ನಿನಗೆ ಸರಿ, ನನ್ನದು ನನಗೆ.
ಅವರೂ ಇದೇ ಕಾಲೇಜಂತೆ, ಸರ್.”

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ.

ಉತ್ತರ ಇರಲಿಲ್ಲವೆಂದಲ್ಲ. ನೋಟ್ಸಿನಲ್ಲಿತ್ತು:
ಸಂದರ್ಭ, ದೃಷ್ಟಿಕೋನ, ಇತ್ಯಾದಿ.
ಈ ಮಾತು ನಾನು ಕಲಿತದ್ದು ಬೇರೆಯದಕ್ಕೆ.
ನನ್ನ ದೇವರೇ ದೇವರು, ನನ್ನ ಕುಲವೇ ಕುಲ
ಎನ್ನುವವನ ಬಾಯಿಗೆ ಒಂದಿಷ್ಟು ಮೌನ ತುರುಕಲು.
ಬಡವರ ಆಯುಧವೆಂದು ನಂಬಿ ಹಂಚುತ್ತ ಬಂದೆ,
ಹನ್ನೊಂದು ವರ್ಷ.
ಯಾವಾಗ ಕೈ ಬದಲಾಯಿತೋ,
ಯಾವ ಬ್ಯಾಚಿನಲ್ಲಿ ಕೂತಿದ್ದನೋ ಆ ರೈಟರು,
ಐದಕ್ಕೆ ಐದು ಕೊಟ್ಟಿದ್ದೆನೋ ಏನೋ.

“ತಕ್ಕಡಿ ಸುಳ್ಳು” ಎಂದೆ ಕೊನೆಗೆ.
ಎರಡೇ ಪದ. ಹೇಳುವಾಗ ಗಂಟಲು ಒಣಗಿತ್ತು,
ಮೊದಲ ಸಲ ಪಾಠ ಮಾಡುವವನ ಹಾಗೆ.
“ಗೊತ್ತು ಸರ್” ಎಂದಳು ಜಾನು,
“ನಿಮಗೆ ಗೊತ್ತಾ ಅಂತ ಕೇಳಿದೆ.”

ಲಿಖಿನ್ ತಲೆ ಎತ್ತಲಿಲ್ಲ.
ತೋಟ ಅವನ ದೊಡ್ಡಪ್ಪನದು.
ಎಳೆದ ಗೆರೆಯ ಮೇಲೇ ಪೆನ್ನು ಆಡಿಸುತ್ತಿದ್ದ,
ಹೊಡೆದು ಹಾಕುತ್ತಿದ್ದನೋ, ದಪ್ಪ ಮಾಡುತ್ತಿದ್ದನೋ,
ನಾನು ನಿಂತ ಜಾಗದಿಂದ ಕಾಣಲಿಲ್ಲ.

ಮರುದಿನ ಅವಳಿಲ್ಲ. ಅದರ ಮರುದಿನವೂ.
ಎಪ್ಪತ್ತೈದು ಶೇಕಡಾ ತುಂಬದಿದ್ದರೆ ಪರೀಕ್ಷೆಯಿಲ್ಲ.
ಅವಳ ಹೆಸರಿನ ಮುಂದೆ ಪೆನ್ನು ಹಿಡಿದು ಕೂತೆ,
ಒಂದು ಟಿಕ್ಕು, ಯಾರು ಕೇಳುತ್ತಾರೆ?

ಗೈರು ಎಂದೇ ಬರೆದೆ.
ಪುಸ್ತಕ ಮುಚ್ಚಿ, ಸಿದ್ದಾಪುರದ ಬಸ್ಸು
ಎಷ್ಟು ಗಂಟೆಗೆಂದು ಕೇಳಿದೆ, ಜವಾನನನ್ನು.