ಐದನೇ ಅಚ್ಚು

ಮೊದಲನೆಯದು ಬರೀ ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾ.
ನೊರೆ ಬಂತು, ಬಂದದ್ದೇ ಬಂದದ್ದು,
ರೇಜರ್ ಎತ್ತುವಷ್ಟರಲ್ಲಿ ಇಂಗಿಹೋಯಿತು.
ಮಾವನ ಕೆನ್ನೆ ಸುಟ್ಟ ಹಪ್ಪಳದ ಹಾಗೆ ಬಿಗಿದುಕೊಂಡಿತು.
ಅವರು ಏನೂ ಅನ್ನಲಿಲ್ಲ.
ಏನೂ ಅನ್ನದೆ ಹನ್ನೊಂದು ವರ್ಷವಾಗಿತ್ತು.

ಸಾಗರದ ಇಗರ್ಜಿಗೆ ಮೇಣದಬತ್ತಿ ಹುಯ್ಯುವವನು ನಾನು, ಪಾಸ್ಕಲ್.
ಲಾರಿ ಓಡಿಸುತ್ತಿದ್ದವರು ಅವರು, ಚೌಡಪ್ಪ.
ಹುಲಿಕಲ್ ಘಾಟಿಯ ತಿರುವಿನಲ್ಲಿ
ಒಂದೇ ಕೈಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಬೀಡಿಯಂತೆ.
ಈಗ ಲೋಟ ಹಿಡಿದರೆ ಅರ್ಧ ಚಹಾ ಅಂಗಿಗೆ.
ಅಂಗಡಿಯ ಡಬ್ಬಿ ನೊರೆಗೆ ಕತ್ತಿನ ತುಂಬ ದದ್ದು.
'ನೀವೇ ಏನಾದ್ರೂ ಮಾಡಿ' ಅಂದಳು ಸುಗುಣ
ಇಬ್ಬರ ನಡುವಿನ ಗೋಡೆ ನೋಡುತ್ತ.

ಎರಡನೆಯದಕ್ಕೆ ಪೊಟ್ಯಾಶ್.
ಗಟ್ಟಿಯಾಗಲೇ ಇಲ್ಲ, ಗಂಜಿಯ ಹಾಗೆ
ಪಾತ್ರೆಯ ಆಕಾರಕ್ಕೆ ಕೂತಿತು.

ಮೂರನೆಯದಕ್ಕೆ ಬತ್ತಿಯ ಚೀಲದಿಂದಲೇ
ಎರಡು ಮುಷ್ಟಿ ಸ್ಟಿಯರಿಕ್ ಆಸಿಡ್,
ಅತ್ತೆ ಹಿಮ್ಮಡಿ ಬಿರುಕಿಗೆ ಹಚ್ಚುವ ಮುರುಗಲ ತುಪ್ಪ,
ಎರಡು ಪಾಲು ಪೊಟ್ಯಾಶ್, ಒಂದು ಪಾಲು ಸೋಡಾ.
ನೀರಿಗೆ ಕ್ಷಾರ ಸುರಿಯಬೇಕು, ಕ್ಷಾರಕ್ಕೆ ನೀರಲ್ಲ;
ಇದನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟೆ.
ಕ್ಷಾರ ಬಿದ್ದದ್ದೇ ತಡ, ಮುದ್ದೆ ಕಟ್ಟಿ ಸೌಟು ಹಿಡಿದುಕೊಂಡಿತು.
ಮಾರನೇ ದಿನ ನಾಲಗೆಯ ತುದಿಗೆ ಮುಟ್ಟಿಸಿದೆ:
ಚುರುಕ್! ಬ್ಯಾಟರಿ ಸೆಲ್ ನೆಕ್ಕಿದ ಹಾಗೆ.
ತಕ್ಕಡಿ ಸುಳ್ಳು ಹೇಳಿತ್ತು. ನೆಲ ತೊಳೆಯಲು ಕೊಟ್ಟೆ.

ಪ್ರತಿ ಅಚ್ಚೂ ಮೊದಲು ನನ್ನ ನಾಲಗೆಗೆ,
ಆಮೇಲೆ ನನ್ನ ಮೊಣಕೈಗೆ, ಆಮೇಲೆ ನನ್ನ ಗಡ್ಡಕ್ಕೆ,
ಕೊನೆಗೆ ಅವರಿಗೆ.
ನಾಲ್ಕನೆಯದು ಮೂರೂ ಪರೀಕ್ಷೆ ದಾಟಿತು,
ಆದರೆ ಆಸೆಗೆ ಬಿದ್ದು ಲಾವಂಚದ ಎಣ್ಣೆ ಬೆರೆಸಿದ್ದೆ.
ನನಗೆ ಏನೂ ಆಗಲಿಲ್ಲ.
ಅವರ ದವಡೆ ಸಂಜೆಯವರೆಗೂ ಕೆಂಪು.
ನನ್ನ ಚರ್ಮ ಅವರ ಪರವಾಗಿ ಸಾಕ್ಷಿ ಹೇಳಲಾರದು,
ಅಷ್ಟು ತಿಳಿಯಲು ನಾಲ್ಕು ಅಚ್ಚು ಬೇಕಾಯಿತು.

ಐದನೆಯದಕ್ಕೆ ವಾಸನೆಯಿಲ್ಲ.
ಒಂದಿಷ್ಟು ಹರಳೆಣ್ಣೆ, ಒಂದು ಚಮಚ ಗ್ಲಿಸರಿನ್,
ನಾಲ್ಕು ವಾರ ಅಟ್ಟದ ಮೇಲೆ.

ಭಾನುವಾರ, ಪೂಜೆ ಮುಗಿಸಿ ಬಂದು,
ಬಿಸಿನೀರಲ್ಲಿ ಬ್ರಷ್ ನೆನೆಸಿ ಸುತ್ತಿದೆ.
ಗುಳ್ಳೆಯಿಲ್ಲದ ನೊರೆ, ಗಟ್ಟಿ ಮೊಸರಿನಷ್ಟು ಸೋಮಾರಿ,
ಹಚ್ಚಿದಲ್ಲೇ ನಿಂತಿತು.
ಅವರು ಕಣ್ಣು ಮುಚ್ಚಿ ಗದ್ದ ಎತ್ತಿದರು,
ಗಂಟಲಿನ ಉಂಡೆ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.
ಅಲ್ಲಿ ನನ್ನ ಕೈಯೂ ಸ್ವಲ್ಪ ನಡುಗಿತು, ಬರೆದುಕೊಂಡಿಲ್ಲ.
ರೇಜರ್ ಜಾರಿತು. ಎಳೆಯಲಿಲ್ಲ, ಕಚ್ಚಲಿಲ್ಲ.
ಒದ್ದೆ ಬಟ್ಟೆಯಲ್ಲಿ ಒರೆಸಿ ಕನ್ನಡಿ ಹಿಡಿದೆ.

ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು.
ನಡುಗುವ ಬೆರಳು ಕಿವಿಯ ಬುಡ ಹುಡುಕಿಕೊಂಡು ಹೋಯಿತು.
'ಇಲ್ಲಿ ಬಿಟ್ಟಿದೀಯ.'

ಒಳಗೆ ಸುಗುಣಳ ಸೌಟಿನ ಸದ್ದು ನಿಂತಿತು.
ನಾನು ಬ್ರಷ್ ಮತ್ತೆ ಅದ್ದಿದೆ.

ನೋಟ್‌ಪುಸ್ತಕದಲ್ಲಿ ಹೀಗಿದೆ:
ಐದನೇ ಅಚ್ಚು. ದದ್ದು ಇಲ್ಲ. ಉರಿ ಇಲ್ಲ.
ದೂರು: ಒಂದು.